ಹಸಿರು ನೀರಿನ ಎರಡು ಕ್ಯಾನ್

ಮಸ್ಕತ್ತಿನ ನೆಲಕ್ಕೆ ಕಾಲಿಟ್ಟು ಇನ್ನೂ ಎರಡು ವಾರ ಆಗಿರಲಿಲ್ಲ, ನನ್ನ ಕೈಗೆ ಒಂದು ಚೀಟಿ ಬಂತು. ಧಕ್ಕೆಯಲ್ಲಿ ಕಟ್ಟಿ ನಿಲ್ಲಿಸಿದ ಬೋಟಿನ ಎಂಜಿನ್ ಚಳಿಗಾಲದಲ್ಲಿ ಹೆಪ್ಪುಗಟ್ಟದಂತೆ ಏನೇನು ಮಾಡಬೇಕು ಎಂದು ಅದರಲ್ಲಿ ಒಂದರ ಕೆಳಗೊಂದು ಬರೆದಿತ್ತು. ನಾನು ಬನಿಯನ್ನಿನಲ್ಲಿದ್ದೆ. ಬೆನ್ನ ಮೇಲೆ ಬೆವರು ಇಳಿಯುತ್ತಿತ್ತು. ಡಿಸೆಂಬರ್ ತಿಂಗಳ ಹಗಲು ಹನ್ನೊಂದು ಗಂಟೆ, ಎದುರಿಗೆ ನೀಲಿ ಕಡಲು, ಹಿಂದೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಕಂದು ಗುಡ್ಡ, ಕೈಯಲ್ಲಿ ಮಂಜಿನ ವಿಷಯದ ಚೀಟಿ. ಇದೆಂತಹ ಊರಿಗೆ ಬಂದು ಬಿದ್ದೆನಪ್ಪಾ ಎಂದುಕೊಂಡೆ.

ನಾನು ಮಲ್ಪೆಯವನು, ಹೆಸರು ಸುಂದರ. ಹದಿನಾರನೆಯ ವಯಸ್ಸಿನಿಂದ ಮೀನುಗಾರಿಕೆಯ ಬೋಟುಗಳ ಎಂಜಿನ್ನಿನಲ್ಲಿ ಕೈ ಹಾಕಿದವನು. ಎಂಬತ್ತೇಳರ ಕೊನೆಗೆ ಮಸ್ಕತ್ತಿಗೂ ಸೀಬಿಗೂ ನಡುವೆ, ಕಡಲತಡಿಯ ಒಂದು ಸಣ್ಣ ಬೋಟ್ ಯಾರ್ಡಿಗೆ ಮೆಕ್ಯಾನಿಕ್ ಆಗಿ ಬಂದೆ. ಊರಿನಲ್ಲಿ ಬೋಟು ಅಂದರೆ ಹೊಟ್ಟೆಪಾಡು. ಇಲ್ಲಿ ಯಾರ್ಡಿಗೆ ಬರುತ್ತಿದ್ದ ಅರ್ಧ ಬೋಟುಗಳು ದೊಡ್ಡ ಕಂಪನಿಗಳ ಬಿಳಿ ಸಾಹೇಬರದ್ದು. ಅವರು ರಜೆಯ ದಿನ ನೀರಿಗಿಳಿದು, ಎರಡು ಮೀನು ಹಿಡಿದು, ಫೋಟೋ ತೆಗೆಸಿಕೊಂಡು, ಆ ಮೀನನ್ನು ಮತ್ತೆ ಕಡಲಿಗೇ ಬಿಡುತ್ತಿದ್ದರು. ಹಿಡಿದ ಮೀನನ್ನು ಬಿಡುವುದೇ! ನನ್ನ ಅಪ್ಪ ನೋಡಿದ್ದರೆ ಚಪ್ಪಲಿ ತೆಗೆದುಕೊಳ್ಳುತ್ತಿದ್ದರು.

ಚೀಟಿ ಬರೆದವರು ಸ್ಕಾಟ್‌ಲೆಂಡಿನ ಕೋಲಿನ್ ಸಾಹೇಬರು. ಡಿಸೆಂಬರ್ ಬಂತೆಂದರೆ ಅವರು ಆರು ವಾರ ಊರಿಗೆ ಹೋಗುತ್ತಾರೆ. ಹೋಗುವ ಮೊದಲು ಬೋಟನ್ನು ‘ಮಲಗಿಸಬೇಕು’. ಅವರ ಊರಿನಲ್ಲಿ ಎಂಜಿನ್ನಿನ ಹೊಟ್ಟೆಯಲ್ಲಿ ಉಳಿದ ನೀರು ಚಳಿಗೆ ಗಟ್ಟಿಯಾಗಿ ಉಬ್ಬುತ್ತದಂತೆ, ಉಬ್ಬಿದಾಗ ಎರಕದ ಕಬ್ಬಿಣವೇ ಬಿರಿಯುತ್ತದಂತೆ. ಅಷ್ಟೇನೂ ಚಳಿಯಿಲ್ಲದ ಕಡೆಯವರೇ ಹೆಚ್ಚು ಮೋಸ ಹೋಗುವುದಂತೆ. ನಮ್ಮಲ್ಲಿ ಎಲ್ಲಿ ಮಂಜು ಎಂದು ಸುಮ್ಮನಿರುತ್ತಾರೆ, ಒಂದು ರಾತ್ರಿ ಬಂದು ಕೆಲಸ ಮುಗಿಸಿ ಹೋಗುತ್ತದೆ. ಅದಕ್ಕೆ ಒಳಗಿನ ನೀರನ್ನು ಪೂರ್ತಿ ಇಳಿಸಿ, ಹೆಪ್ಪುಗಟ್ಟದ ಒಂದು ಹಸಿರು ದ್ರವವನ್ನು ಹಾಯಿಸಿಡಬೇಕು. ಅದಕ್ಕೆ ಕೂಲಂಟ್ ಎನ್ನುತ್ತಾರೆ. ನಾವು ಹಸಿರು ನೀರು ಎಂದೆವು.

ಹೊಸಬನಾದ್ದರಿಂದ ಆ ವರ್ಷ ಚೀಟಿಯ ಮೊದಲ ಸಾಲುಗಳಲ್ಲಿದ್ದಂತೆ ಮಾಡಿದೆ. ಪೂರ್ತಿ ಓದಿರಲಿಲ್ಲ. ಮೂರು ಸಾಲು ಓದಿದ ಮೇಲೆ ನನಗೆ ಎಂಜಿನ್ ಕಲಿಸಲು ಇವನ್ಯಾರು ಎಂಬ ಜಂಬ ಬಂತು.

“ಹಸನಬ್ಬಾ, ಇವರಿಗೆ ಮರ್ಲು ಹಿಡಿದಿದೆಯಾ ಎಂತ? ಇಲ್ಲಿ ಮಂಜು ಬೀಳ್ತದಾ?” ಎಂದು ನಕ್ಕೆ.

“ಬೀಳಲಿ ಅಣ್ಣ, ಒಳ್ಳೆದೇ. ಮೀನಿಗೆ ಐಸ್ ತರುವ ಕೆಲಸ ಉಳೀತು” ಎಂದ ಹಸನಬ್ಬ.

ಹಸನಬ್ಬ ಹೆಜಮಾಡಿಯ ಬ್ಯಾರಿ, ನನಗಿಂತ ಐದು ವರ್ಷ ಚಿಕ್ಕವ. ಬೋಟುಗಳಿಗೆ ಬಣ್ಣ ಹೊಡೆಯುವುದು ಅವನ ಕೆಲಸ. ಯಾರ್ಡಿನ ಹಿಂದೆ ನಾವು ಆರು ಜನ ಇದ್ದ ತಗಡಿನ ಕೋಣೆಗಳಲ್ಲಿ ಅಡುಗೆಯೂ ಅವನದೇ. ನಾವಿಬ್ಬರೂ ತುಳುವಿನಲ್ಲಿ ಮಾತಾಡುತ್ತಿದ್ದೆವು, ಉಳಿದವರೊಂದಿಗೆ ನಮ್ಮ ಮುರುಕು ಹಿಂದಿ. ಊರಿನಿಂದ ಯಾರಾದರೂ ಬಂದರೆ ಸಾಮಾನು ಸುತ್ತಿಕೊಂಡು ಬಂದ ಕನ್ನಡ ಪತ್ರಿಕೆಯ ಹಾಳೆಗಳನ್ನು ಅವನು ನೇರ್ಪು ಮಾಡಿ ಇಟ್ಟುಕೊಳ್ಳುತ್ತಿದ್ದ. ಊಟ ಆದ ಮೇಲೆ ಗಟ್ಟಿಯಾಗಿ ಓದುವನು. ತಿಂಗಳ ಹಿಂದಿನ ಸುದ್ದಿ, ಎಣ್ಣೆ ಹೀರಿದ ಹಾಳೆ, ಕೆಲವೊಮ್ಮೆ ವಾಕ್ಯದ ಅರ್ಧಕ್ಕೇ ಹರಿದಿರುತ್ತಿತ್ತು. ಉಳಿದರ್ಧವನ್ನು ತಾನೇ ಸೇರಿಸಿ ಓದುತ್ತಿದ್ದ. ನನಗೆ ಆ ವರ್ಷ ಊರು ಅಂದರೆ ಹಸನಬ್ಬನ ಗಂಟಲು.

ಇನ್ನೊಬ್ಬರನ್ನು ಹೇಳಲೇಬೇಕು. ಯಾರ್ಡಿನ ಕಾವಲಿಗಿದ್ದ ಖಮೀಸ್ ಚಾಚಾ. ಒಮಾನಿನ ಮುದುಕರು, ಪ್ರಾಯದಲ್ಲಿ ಹಾಯಿಹಡಗಿನಲ್ಲಿ ಖರ್ಜೂರ ಹೇರಿಕೊಂಡು ಮಂಗಳೂರು ಬಂದರಿಗೆ ಬಂದು, ಹಂಚು ಹೇರಿಕೊಂಡು ಹೋದವರು. ನಮ್ಮ ಊರು ಯಾವುದೆಂದು ತಿಳಿದ ದಿನ ನನ್ನ ಎರಡೂ ಕೈ ಹಿಡಿದು, “ಮಂಗ್ಲೂರ್! ಮಳೆ, ಮಳೆ, ಮಳೆ!” ಎಂದು ಹಿಂದಿಯಲ್ಲಿ ಕೂಗಿದರು. ಅವರು ಕೊಡುವ ಕಹ್ವಾ, ಅಂದರೆ ಏಲಕ್ಕಿ ಹಾಕಿದ ಹಾಲಿಲ್ಲದ ಕಾಫಿ, ಹಿಡಿಯಿಲ್ಲದ ಪುಟ್ಟ ಬಟ್ಟಲಲ್ಲಿ ಬರುತ್ತದೆ. ಸಾಕೆಂದರೆ ಬಟ್ಟಲನ್ನು ಅಲ್ಲಾಡಿಸಬೇಕು. ನನಗದು ಗೊತ್ತಿರಲಿಲ್ಲ. ಸಾಕು, ಬಸ್, ನೋ, ಎಲ್ಲ ಹೇಳಿದೆ. ಅವರು ಹಾಕುತ್ತಲೇ ಇದ್ದರು, ನಾನು ಕುಡಿಯುತ್ತಲೇ ಇದ್ದೆ. ಒಂಬತ್ತನೆಯ ಬಟ್ಟಲಿಗೆ ಹಸನಬ್ಬ ಹಿಂದಿನಿಂದ, “ಅಲ್ಲಾಡಿಸಿ ಮಾರಾಯ್ರೆ, ಇಲ್ಲದಿದ್ರೆ ಅವರ ಮನೆ ಕಾಫಿ ಪೂರ ಖಾಲಿ ಆಗ್ತದೆ” ಎಂದ.

ಖಮೀಸ್ ಚಾಚಾಗೆ ಐದು ಆಡುಗಳಿದ್ದವು. ಒಮಾನಿನ ಆಡು ನಮ್ಮೂರ ಆಡಿನ ಹಾಗಲ್ಲ. ಸೊಪ್ಪು ಎಲ್ಲಿಂದ ಬರಬೇಕು? ರಟ್ಟಿನ ಪೆಟ್ಟಿಗೆ ತಿನ್ನುತ್ತದೆ, ಸಿಮೆಂಟ್ ಚೀಲ ತಿನ್ನುತ್ತದೆ, ಒಮ್ಮೆ ನನ್ನ ಲುಂಗಿಯ ಅಂಚನ್ನೂ ತಿಂದಿತ್ತು. ಅದರಲ್ಲೊಂದು ಕಂದು ಹೆಣ್ಣಾಡು. ಅದನ್ನು ಅವರು ಬಿಂತ್ ಎಂದು ಕರೆಯುತ್ತಿದ್ದರು. ಬಿಂತ್ ಅಂದರೆ ಮಗಳು. ಅದರ ಹಾಲು ಅವರ ಮೊಮ್ಮಗಳಿಗೆ.

ಕೋಲಿನ್ ಸಾಹೇಬರ ಮಂಜಿನ ವಿಷಯಕ್ಕೆ ನಕ್ಕ ನಾನು ಮುಂದಿನ ಆಟಿ ಅಮಾವಾಸ್ಯೆಗೆ ಏನು ಮಾಡಿದೆ ಗೊತ್ತೇ? ತುಳುವರಿಗೆ ಆ ದಿನ ಬೆಳಿಗ್ಗೆ ಖಾಲಿ ಹೊಟ್ಟೆಗೆ ಹಾಳೆಮರದ ಕೆತ್ತೆಯ, ಅಂದರೆ ತೊಗಟೆಯ, ಕಷಾಯ ಆಗಲೇಬೇಕು. ಜಡಿಮಳೆಯ ತಿಂಗಳಲ್ಲಿ ಶೀತ, ಜ್ವರ ಬಾರದಿರಲಿ ಎಂದು ಮಾಡಿದ ಕ್ರಮ ಅದು. ರುಸೈಲಿನ ಕಾರ್ಖಾನೆಯಲ್ಲಿದ್ದ ನಮ್ಮೂರವನೊಬ್ಬ ಒಣಗಿಸಿದ ಕೆತ್ತೆ ತರಿಸಿದ್ದ. ಬೋಳು ಗುಡ್ಡದ ಬುಡದಲ್ಲಿ, ಬೆಳಿಗ್ಗೆ ಆರಕ್ಕೇ ತಗಡು ಮುಟ್ಟಲಾಗದಷ್ಟು ಸುಡುವ ಸೆಕೆಯಲ್ಲಿ, ಮಳೆಯ ಕಾಯಿಲೆ ಬಾರದಿರಲೆಂದು ನಾನು ಮೂಗು ಮುಚ್ಚಿ ಕಹಿ ಕಷಾಯ ಕುಡಿದೆ. ಕುಡಿದು, ಮೇಲಿನಿಂದ ಬೆಲ್ಲ ತಿಂದು, ಊರಿಗೇ ಹೋಗಿ ಬಂದಂತೆ ಸಂತೋಷಪಟ್ಟೆ. ಕೋಲಿನ್ ಸಾಹೇಬರದ್ದೂ ಅದೇ. ಅಪ್ಪ ಕಲಿಸಿದ ಚಳಿಗಾಲವನ್ನು ಅವರು ಬಿಟ್ಟಿರಲಿಲ್ಲ, ಅಷ್ಟೆ. ನನಗೆ ಅಷ್ಟು ಹೊಳೆಯಲಿಲ್ಲ.

ಎರಡನೆಯ ಚಳಿಗಾಲ ಬಂತು. ಅಷ್ಟರಲ್ಲಿ ನನ್ನ ಹೆಂಡತಿ ವನಜಳನ್ನು ಕರೆಸಿಕೊಳ್ಳುವ ಓಡಾಟ ಶುರುವಾಗಿತ್ತು. ಮದುವೆಯಾಗಿ ನಾಲ್ಕು ತಿಂಗಳಿಗೆ ಬಿಟ್ಟು ಬಂದವನು ನಾನು. ಕಫೀಲ್ ಒಂದು ಕಾಗದಕ್ಕೆ ಸಹಿ ಹಾಕಬೇಕಿತ್ತು. ಕಫೀಲ್ ಅಂದರೆ ನಮ್ಮ ವೀಸಾದ ಧಣಿ. ಯಾರ್ಡ್ ಅವನದು, ನಮ್ಮ ಪಾಸ್‌ಪೋರ್ಟ್ ಅವನ ಮೇಜಿನ ಖಾನೆಯಲ್ಲಿ. ಅವನು ಬೇಡವೆಂದರೆ ಬೇಡ. ಎದುರಿಗೆ ನಾವು ಅವನನ್ನು ಅರ್ಬಾಬ್ ಎನ್ನುತ್ತಿದ್ದೆವು. “ಜನವರಿಯಲ್ಲಿ ನೋಡೋಣ, ಕೆಲಸ ಸರಿಯಾಗಿರಲಿ” ಎಂದಿದ್ದ. ಆ ಒಂದು ಸಹಿಗೋಸ್ಕರ ನಾನು ಅವನ ಪಿಕಪ್ಪನ್ನೂ ತೊಳೆದು ಕೊಡುತ್ತಿದ್ದೆ.

ಕೋಲಿನ್ ಸಾಹೇಬರು ಹೊರಟ ದಿನ ಮತ್ತೆ ಅದೇ ಚೀಟಿ, ಜೊತೆಗೆ ಹಸಿರು ನೀರಿನ ಎರಡು ಕ್ಯಾನ್ ಕೊಟ್ಟರು. ದಪ್ಪ ಬಿಳಿ ಪ್ಲಾಸ್ಟಿಕ್ಕಿನ, ತಿರುಪು ಮುಚ್ಚಳದ, ಒಳ್ಳೆಯ ಹಿಡಿಯಿರುವ ಕ್ಯಾನ್‌ಗಳು. ನನ್ನ ಕಣ್ಣು ಹೋದದ್ದು ಅವುಗಳ ಮೇಲೆ. ನಮ್ಮ ಕೋಣೆಗಳಿಗೆ ನೀರು ಟ್ಯಾಂಕರಿನಲ್ಲಿ ಬರುತ್ತಿತ್ತು. ಬಂದಾಗ ತುಂಬಿಸಿಟ್ಟುಕೊಂಡವನೇ ಬದುಕಿದ. ಬಾವಿಯಲ್ಲಿ ಕೈಗೆಟುಕುವಷ್ಟು ನೀರಿರುವ ಊರಿನಿಂದ ಬಂದು ನಾನಿಲ್ಲಿ ಕ್ಯಾನಿಗಾಗಿ ಜಗಳ ಮಾಡಿದ್ದೇನೆ. ವನಜ ಬಂದರೆ ಮೊದಲು ಬೇಕಾಗುವುದು ನೀರಿಟ್ಟುಕೊಳ್ಳಲು ಏನಾದರೊಂದು. ಮಂಜು ಬೀಳದ ಊರಿನಲ್ಲಿ ಈ ಹಸಿರು ನೀರು ಯಾವ ಸುಖಕ್ಕೆ?

ಎಂಜಿನ್ನಿನಲ್ಲಿದ್ದ ಉಪ್ಪುನೀರನ್ನು ಇಳಿಸಿ, ಸಿಹಿನೀರಿನಿಂದ ತೊಳೆದೆ. ಊರಿನಲ್ಲಿ ಮಳೆಗಾಲಕ್ಕೆ ಬೋಟು ಮೇಲೆ ಎಳೆದಾಗ ನಾವು ಮಾಡುವುದೂ ಅಷ್ಟೆ. ಎರಡೂ ಕ್ಯಾನಿನ ಹಸಿರು ನೀರನ್ನು ಶೆಡ್ಡಿನ ಹಿಂದೆ, ತುಕ್ಕು ಹಿಡಿದ ಬೋಲ್ಟು ನೆನೆಸಲು ಇಟ್ಟಿದ್ದ ಅರ್ಧ ಕತ್ತರಿಸಿದ ಡ್ರಮ್ಮಿಗೆ ಸುರಿದೆ. ಕ್ಯಾನ್‌ಗಳನ್ನು ಬಿಸಿನೀರು, ಸೋಪು ಹಾಕಿ ಐದಾರು ಸಲ ತೊಳೆದೆ. ಅಂಟಿಸಿದ್ದ ಲೇಬಲನ್ನೂ ಉಜ್ಜಿ ತೆಗೆದೆ. ಚೀಟಿ ಮಡಚಿದಂತೆಯೇ ಜೇಬಿನಲ್ಲಿತ್ತು.

“ಅಣ್ಣ, ಒಂದು ನನಗೆ ಕೊಡಿ, ಅಡುಗೆಗೆ ಕುಡಿಯುವ ನೀರಿಡ್ಲಿಕ್ಕೆ ಒಳ್ಳೆದಾಯ್ತು” ಎಂದ ಹಸನಬ್ಬ. ಕೊಟ್ಟೆ. ಉದಾರವಾಗಿ ಕೊಟ್ಟೆ.

ಮರುದಿನ ಬೆಳಿಗ್ಗೆ ಖಮೀಸ್ ಚಾಚಾರ ಆಡುಗಳು ಯಾರ್ಡಿನಲ್ಲಿ ತೂರಾಡುತ್ತಿದ್ದವು. ಬಿಂತ್ ಎರಡು ಹೆಜ್ಜೆ ಇಟ್ಟು ಮುಗ್ಗರಿಸುತ್ತಿತ್ತು, ಎದ್ದು ಬೋಟಿಗೆ ಹೋಗಿ ಡಿಕ್ಕಿ ಹೊಡೆಯುತ್ತಿತ್ತು. ನಾವೆಲ್ಲ ಹೊಟ್ಟೆ ಹಿಡಿದು ನಕ್ಕೆವು. “ನಿನ್ನೆ ರಾತ್ರಿ ಇವಕ್ಕೆ ಯಾರು ಕುಡಿಸಿದ್ದು?” ಎಂದು ನಾನೇ ಕೇಳಿದೆ. ಚಾಚಾ ಕೂಡ ಸ್ವಲ್ಪ ನಕ್ಕರು. ಆ ನಗುವನ್ನು ನೆನೆದರೆ ಈಗಲೂ ನನಗೆ ಎಲ್ಲಾದರೂ ಮುಖ ಮುಚ್ಚಿಕೊಳ್ಳೋಣ ಎನ್ನಿಸುತ್ತದೆ.

ಮೂರನೆಯ ದಿನಕ್ಕೆ ನಾಲ್ಕು ಆಡು ಸತ್ತವು. ಕೊನೆಗೆ ಬಿಂತ್ ಒಂದೇ ಉಳಿದಿತ್ತು, ಅದೂ ಹೋಗುವುದರಲ್ಲಿತ್ತು. ಚಾಚಾ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಬಾಯಿಗೆ ನೀರು ಬಿಡುತ್ತಿದ್ದರು, ನೀರು ಬದಿಯಿಂದ ಇಳಿದು ಹೋಗುತ್ತಿತ್ತು. ನಾನು ಬಗ್ಗಿ ನೋಡಿದೆ. ಗಡ್ಡದ ಕೂದಲಿನಲ್ಲಿ ಹಸಿರು ಕಲೆ.

ಶೆಡ್ಡಿನ ಹಿಂದೆ ಓಡಿದೆ. ಡ್ರಮ್ಮು ಮುಕ್ಕಾಲು ಖಾಲಿ. ಆಗ ಜೇಬಿನಿಂದ ಚೀಟಿ ತೆಗೆದು, ಮೊದಲ ಸಲ ಕೊನೆಯವರೆಗೆ ಓದಿದೆ. ಆರನೆಯ ಸಾಲು: ಉಳಿದದ್ದನ್ನು ಬಿಗಿಯಾಗಿ ಮುಚ್ಚಿಡು. ಇದು ಸಿಹಿಯಾಗಿರುತ್ತದೆ. ಪ್ರಾಣಿಗಳು ಕುಡಿಯುತ್ತವೆ, ಕುಡಿದರೆ ಉಳಿಯುವುದಿಲ್ಲ.

ಸಾಹೇಬರು ಕೆಳಗೆ ಎರಡು ಗೆರೆ ಬೇರೆ ಎಳೆದಿದ್ದರು.

ಡ್ರಮ್ಮಿಗೆ ಮರಳು ತುಂಬಿದೆ. ಆಮೇಲೆ ನೆನಪಾಯಿತು: ಅಡುಗೆ ಕೋಣೆಯ ಕ್ಯಾನ್! ಹೋಗಿ ನೋಡಿದರೆ ಹಸನಬ್ಬ ಆಗಷ್ಟೇ ಅದಕ್ಕೆ ನೀರು ತುಂಬಿ ಮುಚ್ಚಳ ತಿರುಗಿಸುತ್ತಿದ್ದ. ಕಸಿದುಕೊಂಡು ನೀರು ಚೆಲ್ಲಿದೆ.

“ಎಂತಣ್ಣ ಇದು? ಕೊಟ್ಟದ್ದನ್ನು ಯಾರಾದ್ರೂ ವಾಪಾಸ್ ತಗೊಳ್ತಾರಾ?”

“ಕೋಲಿನ್ ಸಾಹೇಬ್ರಿಗೆ ಬೇಕಂತೆ.”

“ಅವರು ವಿಮಾನ ಹತ್ತಿ ನಾಲ್ಕು ದಿನ ಆಯ್ತಲ್ಲ?”

ಅವನು ನನ್ನ ಮುಖ ನೋಡಿದ, ಕ್ಯಾನ್ ನೋಡಿದ, ಮರಳು ಮೆತ್ತಿದ ನನ್ನ ಕೈ ನೋಡಿದ. ಹಸನಬ್ಬ ಓದಿದ್ದು ಏಳನೆಯ ತರಗತಿ. ಆದರೆ ಹರಿದ ಹಾಳೆಯ ಉಳಿದರ್ಧ ಅವನಿಗೆ ಯಾವಾಗಲೂ ಗೊತ್ತಾಗುತ್ತಿತ್ತು.

ಮಧ್ಯಾಹ್ನ ಕಫೀಲ್ ಬಂದ. ಸತ್ತ ಆಡುಗಳನ್ನು ನೋಡಿದ, ಸಿಟ್ಟಿನಿಂದ ನಮ್ಮೆಲ್ಲರನ್ನೂ ಧಕ್ಕೆಯ ಮೇಲೆ ಸಾಲಾಗಿ ನಿಲ್ಲಿಸಿದ. ಖಮೀಸ್ ಚಾಚಾ ಅವನ ತಾಯಿಯ ಕಡೆಯ ಸಂಬಂಧಿ. “ಯಾರು ವಿಷ ಇಟ್ಟದ್ದು?” ಎಂದು ಹಿಂದಿಯಲ್ಲಿ ಕೇಳಿದ. ಯಾರೋ ಒಬ್ಬರು ಹಸನಬ್ಬ ಇಲಿಮದ್ದು ತಂದಿದ್ದಾನೆ ಎಂದರು.

ತಂದದ್ದು ಹೌದು. ಅಡುಗೆ ಕೋಣೆಯಲ್ಲಿ ಇಲಿಯ ಕಾಟ. ಅವನು ಬ್ರೆಡ್ಡಿನ ತುಂಡಿಗೆ ಮದ್ದು ಸವರಿ, ಗ್ಯಾಸ್ ಸಿಲಿಂಡರಿನ ಹಿಂದೆ ಇಟ್ಟಿದ್ದ. ಸಿಲಿಂಡರ್ ಭಾರವೆಂದು ನನ್ನನ್ನು ಕರೆದಿದ್ದ. ನಾನೇ ಎತ್ತಿ ಕೊಟ್ಟಿದ್ದೆ. ಹೊರಗಿನಿಂದ ಚಿಲಕ ಹಾಕುವ ಕೋಣೆ ಅದು, ಆಡು ಒಳಗೆ ಹೋಗಲು ಸಾಧ್ಯವೇ ಇರಲಿಲ್ಲ.

“ಅರ್ಬಾಬ್, ನಾನು ಒಳಗೆ ಇಟ್ಟದ್ದು, ಹೊರಗಲ್ಲ” ಎಂದ ಹಸನಬ್ಬ. “ಸುಂದರಣ್ಣನ ಹತ್ರ ಕೇಳಿ. ಅವರು ಜೊತೆಗಿದ್ದರು.” ಮತ್ತೆ ನನ್ನ ಕಡೆ ತಿರುಗಿ ತುಳುವಿನಲ್ಲಿ, “ಹೇಳಿ ಅಣ್ಣ. ಇಟ್ಟದ್ದು ನೀವು ನೋಡಿದ್ದೀರಲ್ಲ? ಅಷ್ಟೇ ಹೇಳಿ ಸಾಕು” ಎಂದ.

ಅಷ್ಟೇ ಸಾಕಿತ್ತು. ಹಸಿರು ನೀರಿನ ವಿಷಯ ಹೇಳೆಂದು ಅವನು ಕೇಳಲಿಲ್ಲ. ತಾನು ಒಳಗೆ ಇಟ್ಟದ್ದನ್ನು ನೋಡಿದ್ದೇನೆಂದು ಮಾತ್ರ ಹೇಳೆಂದ. ಆದರೆ ಇಲಿಮದ್ದಲ್ಲವಾದರೆ ಮತ್ತೇನು ಎಂಬ ಪ್ರಶ್ನೆ ಮುಂದೆ ಬರುತ್ತಿತ್ತು. ಕಫೀಲನ ಅಂಗಿಯ ಜೇಬಿನಲ್ಲಿ ಪೆನ್ನು ಕಾಣುತ್ತಿತ್ತು. ಅದೇ ಪೆನ್ನಿನಿಂದ ವನಜಳ ಕಾಗದಕ್ಕೆ ಸಹಿ ಆಗಬೇಕು ಎಂದು ನಾನು ನಿಂತಲ್ಲೇ ಯೋಚಿಸಿದೆ.

“ನಾನು ನೋಡಿಲ್ಲ” ಎಂದೆ.

ಹಸನಬ್ಬ ವಾದ ಮಾಡಲಿಲ್ಲ, ಬೈಯಲಿಲ್ಲ. ಬೈದಿದ್ದರೆ ನನಗೂ ಬೈಯಲು ಒಂದು ದಾರಿಯಾಗುತ್ತಿತ್ತು. “ಖಲಾಸ್” ಎಂದ ಕಫೀಲ್. ಮುಗಿಯಿತು ಎಂದು ಅರ್ಥ. ಒಂದು ವಾರದಲ್ಲಿ ಹಸನಬ್ಬನ ವೀಸಾ ರದ್ದಾಯಿತು.

ಹೊರಡುವ ದಿನ ನಾನು ಬೇಕೆಂದೇ ಒಂದು ಬೋಟಿನ ಎಂಜಿನ್ ಕೋಣೆಯೊಳಗೆ ಸೇರಿಕೊಂಡಿದ್ದೆ. ಅವನು ಮೇಲಿನಿಂದ ಬಗ್ಗಿ ನೋಡಿ, “ಅಣ್ಣ, ಹೊರಟೆ” ಎಂದ. ಪತ್ರಿಕೆಯ ಹಾಳೆಗಳ ಕಟ್ಟನ್ನು ಕೆಳಗಿಳಿಸಿದ. “ಮೇಲಿನ ಎಂಟು ಹತ್ತು ಹಾಳೆ ಓದಿ ಆಗಿಲ್ಲ, ನೀವು ಓದಿ. ವನಜಕ್ಕ ಬಂದ ಮೇಲೆ ಒಂದು ದಿನ ಖಮೀಸ್ ಚಾಚಾಗೆ ನಮ್ಮೂರ ಮೀನು ಸಾರು ಮಾಡಿ ಕೊಡ್ಲಿಕ್ಕೆ ಹೇಳಿ. ಪಾಪ, ಅವರ ಆಡು ಹೋಯ್ತು.” ನಾನು ಸ್ಪ್ಯಾನರ್ ಹಿಡಿದುಕೊಂಡು ಹೂಂ ಎಂದೆ. ಅಷ್ಟೆ. ಥೂ, ನನ್ನ ಜನ್ಮಕ್ಕೆ.

ಜನವರಿಯಲ್ಲಿ ಕಫೀಲ್ ಸಹಿ ಹಾಕಿದ. ಕೋಲಿನ್ ಸಾಹೇಬರು ಹಿಂದಿರುಗಿ ಬೋಟು ಚಾಲೂ ಮಾಡಿದರು. ಎಂಜಿನ್ನಿಗೆ ಏನೂ ಆಗಿರಲಿಲ್ಲ, ಮೊದಲ ಸಲಕ್ಕೇ ಶುರುವಾಯಿತು. “ಎಲ್ಲ ಚೀಟಿಯಂತೆ ಮಾಡಿದೆಯಲ್ಲ?” ಎಂದರು. “ಯೆಸ್ ಸಾರ್” ಎಂದೆ. ಬೆನ್ನು ತಟ್ಟಿದರು.

ಆಮೇಲಿನದ್ದು ಇಲ್ಲಿರುವ ಎಲ್ಲರ ಕಥೆ. ಸೀಬಿನಲ್ಲಿ ಎರಡು ಕೋಣೆಯ ಮನೆ ಸಿಕ್ಕಿತು. ವನಜ ಬಂದ ಮೊದಲ ತಿಂಗಳು ಕಿಟಕಿಯ ಬಳಿ ನಿಂತು, “ಇಲ್ಲಿ ಕಾಗೆ ಕೂಡ ಕೂಗುವುದಿಲ್ಲ ಅಲ್ವಾ” ಎಂದು ಅಳುತ್ತಿದ್ದಳು. ಮೂರನೆಯ ತಿಂಗಳಿಗೆ ಸೂಕಿನಲ್ಲಿ, ಅಂದರೆ ಇಲ್ಲಿನ ಸಂತೆಬೀದಿಯಲ್ಲಿ, ಮೀನಿನವನ ಹತ್ತಿರ ಬೆರಳು ತೋರಿಸಿ ಚೌಕಾಸಿ ಮಾಡಿ ಬಂಗುಡೆ ತಂದಳು. ಆ ದಿನ ಅವಳ ಮುಖ ನೋಡಬೇಕಿತ್ತು. ಮಗಳು ಶ್ರುತಿ ಹುಟ್ಟಿದಳು, ಇಂಡಿಯನ್ ಸ್ಕೂಲಿಗೆ ಸೇರಿದಳು. ಈಗ ನಾನು ತುಳುವಿನಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಎಲ್ಲ ಸುಖವೇ. ಆದರೆ ಆ ಸುಖದ ಬುಡದಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಮನೆಗೆ ಒಂದೇ ಒಂದು ಪ್ಲಾಸ್ಟಿಕ್ ಕ್ಯಾನ್ ತರಲು ನಾನು ಬಿಟ್ಟಿಲ್ಲ. ವನಜ ಅದನ್ನು ನನ್ನ ಮರ್ಲು ಎಂದುಕೊಂಡಿದ್ದಾಳೆ.

ಪ್ರತಿ ಡಿಸೆಂಬರಿನಲ್ಲೂ ಕೋಲಿನ್ ಸಾಹೇಬರ ಬೋಟನ್ನು ಚೀಟಿಯ ಆರೂ ಸಾಲಿನಂತೆ ಮಲಗಿಸುತ್ತಿದ್ದೆ. ಅವರು ಕೆಲಸ ಬಿಟ್ಟು ಊರಿಗೆ ಹೋದ ಮೇಲೆ ಬೋಟು ಬೇರೆಯವರದ್ದಾಯಿತು. ಅವರು ಕೇಳದಿದ್ದರೂ ಮಾಡುತ್ತಿದ್ದೆ. ಉಳಿದ ಹಸಿರು ನೀರನ್ನು ಬೀಗ ಹಾಕಿದ ಪೆಟ್ಟಿಗೆಯಲ್ಲಿಟ್ಟು, ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಕೇಳಿ ಬರೆಸಿಕೊಂಡು ಅರಬ್ಬಿಯಲ್ಲಿ ವಿಷ ಎಂದು ಬರೆಯುತ್ತಿದ್ದೆ. ಯಾರ್ಡಿನಲ್ಲಿ ಕನ್ನಡ ಓದುವವನು ಆಗ ನಾನೊಬ್ಬನೇ.

ವನಜ ಖಮೀಸ್ ಚಾಚಾಗೆ ಮೀನು ಸಾರು ಕೊಟ್ಟಳು, ಒಂದು ಸಲವಲ್ಲ, ಎಷ್ಟೋ ಸಲ. ಅವರು ಕೆಲಸ ಬಿಟ್ಟು ಸೀಬಿನ ಮನೆಯಲ್ಲಿ ಕೂತ ಮೇಲೂ ನಾನು ಶುಕ್ರವಾರ ಸಂಜೆ ಹೋಗಿ ಕಹ್ವಾ ಕುಡಿದು ಬರುತ್ತಿದ್ದೆ. ಅವರ ಮನೆಯ ಅಂಗಳದಲ್ಲಿ ಖಾಲಿ ಆಡಿನ ಕೊಟ್ಟಿಗೆ. ಆಮೇಲೆ ಅವರು ಆಡು ಸಾಕಲಿಲ್ಲ. ಆ ಕೊಟ್ಟಿಗೆಗೆ ಬೆನ್ನು ಹಾಕಿ ಕೂರುತ್ತಿದ್ದೆ. ಏಳು ವರ್ಷ ಹಾಗೆಯೇ ನಡೆಯಿತು.

ಅವರ ಕಣ್ಣು ಮಂಜಾಗಿದ್ದ ಕಾಲದಲ್ಲಿ ಒಂದು ಸಂಜೆ, ಏನಾಯಿತೋ, ಬಾಯಿ ಬಿಟ್ಟೆ. ಎಲ್ಲ ಹೇಳಿದೆ. ಕ್ಯಾನ್, ಡ್ರಮ್ಮು, ಚೀಟಿ, ಮರಳು, ನಾನು ನೋಡಿಲ್ಲ ಅಂದದ್ದು. ಅವರು ಬಟ್ಟಲಿಗೆ ಕಹ್ವಾ ಹಾಕುವುದನ್ನು ನಿಲ್ಲಿಸಲಿಲ್ಲ.

“ಗೊತ್ತು” ಎಂದರು.

ನನಗೆ ಅರ್ಥವಾಗಲಿಲ್ಲ.

“ಬಿಂತಿನ ಗಡ್ಡ ಹಸಿರಾಗಿತ್ತು. ಆ ಹುಡುಗನ ಇಲಿಮದ್ದು ಕಪ್ಪು. ನಾನೇನು ಕುರುಡನಾ? ಆಗ ಅಲ್ಲ, ಈಗ. ಮರಳು ತುಂಬಿದ ಡ್ರಮ್ಮೂ ನೋಡಿದೆ. ಅರ್ಬಾಬನಿಗೆ ಹೇಳಿದೆ, ಹುಡುಗನ ಟಿಕೆಟ್ ನಿಲ್ಲಿಸು, ಇದು ಎಂಜಿನ್ನಿನವನ ಕೆಲಸ ಅಂತ. ಅವನು ಏನಂದ ಗೊತ್ತಾ? ಬಣ್ಣ ಹೊಡೆಯುವವ ನಾಳೆ ಇನ್ನೊಬ್ಬ ಸಿಗ್ತಾನೆ, ಎಂಜಿನ್ ಗೊತ್ತಿರುವವ ಸಿಗೋದಿಲ್ಲ. ಖಲಾಸ್, ಅಂದ.”

ಕಫೀಲನಿಗೂ ಗೊತ್ತಿತ್ತು. ಗೊತ್ತಿದ್ದೇ ಸಹಿ ಹಾಕಿದ್ದ. ನಾನು ಯಾವುದನ್ನು ಉಳಿಸಿಕೊಳ್ಳಲು ಸುಳ್ಳು ಹೇಳಿದೆನೋ, ಅದು ಸತ್ಯ ಹೇಳಿದ್ದರೂ ಉಳಿಯುತ್ತಿತ್ತು. ಇಷ್ಟು ವರ್ಷ ನಾನು ಬಚ್ಚಿಟ್ಟೆನೆಂದುಕೊಂಡದ್ದು ಎಲ್ಲರ ಕಣ್ಣೆದುರಿಗೇ ಬಿದ್ದುಕೊಂಡಿತ್ತು.

“ಹಾಗಾದ್ರೆ ನನ್ನನ್ನು ಮನೆಗೆ ಯಾಕೆ ಸೇರಿಸಿದಿರಿ ಚಾಚಾ? ಇಷ್ಟು ವರ್ಷ ಕಹ್ವಾ ಯಾಕೆ ಕೊಟ್ಟಿರಿ?”

“ಒಂದು ದಿನ ಹೇಳ್ತೀಯ ಅಂತ ಕಾದೆ. ವಲ್ಲಾ, ದೇವರಾಣೆ, ನೀನು ಬಹಳ ಕಾಫಿ ಖರ್ಚು ಮಾಡಿಸಿದೆ.” ನಗುತ್ತಿದ್ದರೋ ಇಲ್ಲವೋ ತಿಳಿಯಲಿಲ್ಲ. “ಆಡು ನನ್ನದು. ಅದನ್ನು ನಾನು ಬಿಟ್ಟೆ. ಆ ಹುಡುಗನದ್ದು ನನ್ನ ಕೈಯಲ್ಲಿಲ್ಲ. ಅವನ ಹತ್ತಿರ ಹೋಗು.”

ಬಟ್ಟಲು ನನ್ನ ಕೈಯಲ್ಲೇ ಇತ್ತು. ಅಲ್ಲಾಡಿಸಬೇಕೆಂದು ನೆನಪಾಗಲಿಲ್ಲ. ಅವರು ಮತ್ತೆ ಹಾಕಿದರು.

ಹೋಗು ಎಂದರೆ ಹೋಗುವುದು ಅಷ್ಟು ಸುಲಭವೇ? ಹಸನಬ್ಬ ಎಲ್ಲಿದ್ದಾನೆಂದು ನನಗೆ ಚೆನ್ನಾಗಿ ಗೊತ್ತು. ಹೆಜಮಾಡಿಯ ಹೆದ್ದಾರಿಯ ಬದಿ, ಎಡಗಡೆ, ಒಂದು ಚಾ ಹೋಟೆಲು ಇಟ್ಟಿದ್ದಾನೆ. ಬಜಪೆಯಲ್ಲಿ ಇಳಿದು ಟ್ಯಾಕ್ಸಿಯಲ್ಲಿ ಮಲ್ಪೆಗೆ ಹೋಗುವ ದಾರಿ ಅದೇ, ಬೇರೆ ದಾರಿಯಿಲ್ಲ. ಕಳೆದ ಎರಡು ರಜೆಯಲ್ಲೂ ಆ ಹೋಟೆಲು ಹತ್ತಿರ ಬಂದ ಹಾಗೆ ನಾನು ಬಲಕ್ಕೆ ತಿರುಗಿ, “ಶ್ರುತಿ, ಅಲ್ಲಿ ನೋಡು, ಅಲ್ಲಿ ನೋಡು” ಎಂದೆ. ಅವಳು ನೋಡಿದಳು. “ಪಪ್ಪಾ, ದೇರ್ ಈಸ್ ನಥಿಂಗ್ ದೇರ್” ಎಂದಳು. ಹೌದು, ಆ ಬದಿಗೆ ಏನೂ ಇಲ್ಲ. ಆದರೂ ಎಡಗಣ್ಣಿನ ಅಂಚಿಗೆ ಕಂಡದ್ದು ಕಂಡಿತು: ಬೆಂಚಿನ ಮೇಲೆ ನಾಲ್ಕು ಜನ, ನಡುವೆ ಕನ್ನಡಕ ಹಾಕಿಕೊಂಡು ಪತ್ರಿಕೆ ಅಗಲಿಸಿ ಗಟ್ಟಿಯಾಗಿ ಓದುತ್ತಿದ್ದ ಹಸನಬ್ಬ. ಈಗ ಅವನಿಗೆ ಆ ದಿನದ ಪತ್ರಿಕೆಯೇ ಸಿಗುತ್ತದೆ. ಹರಿದರ್ಧ ಸೇರಿಸುವ ಕಷ್ಟವಿಲ್ಲ.

ನಿಮಗೆ ಯಾವುದು ಊರು, ಅಲ್ಲಿಯೋ ಇಲ್ಲಿಯೋ ಎಂದು ಗಲ್ಫಿನವರನ್ನು ಎಲ್ಲರೂ ಕೇಳುತ್ತಾರೆ. ಬೇರೆಯವರದ್ದು ನನಗೆ ತಿಳಿಯದು. ನನಗೆ ಅಲ್ಲೊಂದು ಹೋಟೆಲಿನ ಮುಂದೆ ತಲೆ ತಗ್ಗುತ್ತದೆ, ಇಲ್ಲೊಂದು ಖಾಲಿ ಕೊಟ್ಟಿಗೆಯ ಮುಂದೆ. ತಲೆ ತಗ್ಗಿಸುವ ಜಾಗ ಎರಡೂ ಕಡೆ ಇರುವುದರಿಂದ ಎರಡೂ ನನ್ನ ಊರೇ ಇರಬೇಕು.

ಏಪ್ರಿಲಿನಲ್ಲಿ ಮತ್ತೆ ರಜೆ. ಹೆಜಮಾಡಿಯಲ್ಲಿ ನಿಲ್ಲಿಸು ಎಂದು ಟ್ಯಾಕ್ಸಿಯವನಿಗೆ ಮೊದಲೇ ಹೇಳಿಬಿಡಬೇಕೆಂದಿದ್ದೇನೆ. ಆದರೆ ನನ್ನ ಧೈರ್ಯ ಎಷ್ಟೆಂದು ನನಗೆ ಗೊತ್ತಿದೆ. ಅದಕ್ಕೇ ಇದನ್ನು ಊರಿನ ಪತ್ರಿಕೆಗೆ ಬರೆದು ಕಳಿಸುತ್ತಿದ್ದೇನೆ. ಅಚ್ಚಾದರೆ ಹೆಜಮಾಡಿಯ ಬೆಂಚಿಗೂ ಒಂದು ಪ್ರತಿ ಹೋಗುತ್ತದೆ. ನಾನು ಅಂದು ನಾಲ್ಕು ಜನರ ಎದುರು ಹೇಳಿದ್ದನ್ನು ನಾಲ್ಕು ಜನರ ಎದುರೇ ತಿದ್ದಬೇಕು, ಮತ್ತು ಅದು ಅವನ ಗಂಟಲಿನಲ್ಲೇ ಆಗಲಿ.

ಹಸನಬ್ಬ, ಓದುತ್ತಿದ್ದೀಯಲ್ಲ, ಇಲ್ಲಿ ನಿಲ್ಲಿಸಬೇಡ. ಇನ್ನೂ ಸ್ವಲ್ಪ ಗಟ್ಟಿಯಾಗಿ ಓದು. ಇಲಿಮದ್ದನ್ನು ನೀನು ಇಟ್ಟದ್ದು ಒಳಗೆ, ಸಿಲಿಂಡರಿನ ಹಿಂದೆ. ಸಿಲಿಂಡರ್ ಎತ್ತಿ ಕೊಟ್ಟವನು ನಾನು. ನಾನು ನೋಡಿದ್ದೆ.